ಬೆಳ್ಳಿಯ ನೀರು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಮಾತನ್ನು ನಾನು ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಈಗ ಆ ಹೆಮ್ಮೆ ಪೂರ್ತಿ ಹೋಯಿತೆಂದಲ್ಲ. ಆದರೆ ಅದರ ಜೊತೆಗೆ ಒಂದಿಷ್ಟು ಭಯವೂ ಬಂದು ಸೇರಿಕೊಂಡಿದೆ. ಆ ಭಯ ಹೇಗೆ ಬಂತೆಂಬುದನ್ನು ನನ್ನ ಸಹಪಾಠಿಗಳ ಮುಂದೆ ಹೇಳಬೇಕೆಂದು ಬಹು ದಿನಗಳಿಂದ ಯೋಚಿಸುತ್ತಿದ್ದೆ. ಎದುರಿಗೆ ನಿಂತು ಹೇಳಲು ನಾಲಗೆ ಏಳಲಿಲ್ಲ. ಆದುದರಿಂದ ಬರೆಯುತ್ತಿದ್ದೇನೆ.

ನಮ್ಮದು ತೆಂಗಿನ ಸೀಮೆ. ಆದರೆ ತೋಟ ನಮ್ಮದಲ್ಲ. ಅಪ್ಪ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಾರೆ. ಅವ್ವ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಾಳೆ. ಇಂಥ ಮನೆಯಲ್ಲಿ ಒಬ್ಬ ಹುಡುಗ ಬಿ.ಎ. ಓದುತ್ತಾನೆಂದರೆ ಅವನು ಬಾರದ್ದನ್ನೂ ಬಲ್ಲವನೆಂದೇ ಲೆಕ್ಕ. ಪಹಣಿ ಓದಿ ಹೇಳುವವನು ನಾನು, ಕರೆಂಟು ಬಿಲ್ಲಿನ ತಪ್ಪು ಹಿಡಿಯುವವನು ನಾನು, ಪಕ್ಕದ ಮನೆಯ ಎಮ್ಮೆ ಮೇವು ಬಿಟ್ಟರೆ ಯಾವ ಔಷಧಿ ತರಬೇಕೆಂದು ಕೇಳಿಸಿಕೊಳ್ಳುವವನೂ ನಾನೇ. ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ; ಎಸ್.ಎಸ್.ಎಲ್.ಸಿ. ಆದ ಮೇಲೆ ವಿಜ್ಞಾನದ ಪುಸ್ತಕವನ್ನು ಮುಟ್ಟಿದವನಲ್ಲ. ಈ ವಿಚಾರ ಹಳ್ಳಿಯವರಿಗೆ ತಿಳಿಯದು. ತಿಳಿದಿದ್ದ ನಾನು ಅದನ್ನು ಅವರಿಗೆ ಹೇಳಲೂ ಇಲ್ಲ. ಕೇಳಿದ್ದಕ್ಕೆಲ್ಲ ಏನಾದರೊಂದು ಉತ್ತರ ಕೊಡುವುದು ನನಗೆ ಅಭ್ಯಾಸವಾಗಿ ಹೋಗಿತ್ತು.

ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ಬೇಸಗೆ ರಜೆಗೆ ಊರಿಗೆ ಹೋದಾಗ ಅಜ್ಜಿಯ ಕಾಲಿಗೆ ಜಾಲಿಮುಳ್ಳು ಚುಚ್ಚಿ ಗಾಯವಾಗಿತ್ತು. ಅಜ್ಜಿ ಎಂದರೆ ಅಪ್ಪನ ತಾಯಿ. ಎಪ್ಪತ್ತೈದು ದಾಟಿದೆ, ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದದ ತುದಿ ಜೋಮು ಹಿಡಿದು ಮುಳ್ಳು ಚುಚ್ಚಿದ್ದೇ ಅವಳಿಗೆ ತಿಳಿದಿರಲಿಲ್ಲ. ಕಿರುಬೆರಳಿನ ಬುಡದಲ್ಲಿ ಕೀವು ಕಂಡಾಗಲೇ ಗೊತ್ತಾದುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ದಿನ ಬಿಟ್ಟು ದಿನ ಬಂದು ಗಾಯ ತೊಳೆಸಿ ಪಟ್ಟಿ ಕಟ್ಟಿಸಿಕೊಂಡು ಹೋಗಬೇಕೆಂದು ಹೇಳಿದ್ದರು.

ಹೇಳುವುದಕ್ಕೆ ಇದು ಸುಲಭದ ಮಾತು. ಆದರೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅಜ್ಜಿಯ ಜೊತೆ ಅಪ್ಪ ಹೋದರೆ ಅಪ್ಪನ ಕೂಲಿ ಹೋಯಿತು, ಅವ್ವ ಹೋದರೆ ಅವ್ವನದು. ನಾನು ರಜೆಯಲ್ಲಿ ಮಂಡಿಯೊಂದರಲ್ಲಿ ಕಾಯಿಯ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ಮುಂದಿನ ವರ್ಷದ ಶುಲ್ಕ ಅದರಿಂದಲೇ ಹುಟ್ಟಬೇಕಾಗಿತ್ತು. ರಾತ್ರಿ ಊಟದ ಹೊತ್ತಿಗೆ ನಾಳೆ ಯಾರು ಹೋಗಬೇಕೆಂಬ ಪ್ರಶ್ನೆ ಬಂದಾಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅಜ್ಜಿ ಮಾತ್ರ ತಟ್ಟೆಯನ್ನೇ ನೋಡುತ್ತಿದ್ದಳು.

ಇಂಥ ಸಮಯದಲ್ಲಿ ಒಬ್ಬ ಗೆಳೆಯ ನನ್ನ ಮೊಬೈಲಿಗೆ ಒಂದು ವಿಡಿಯೋ ಕಳುಹಿಸಿದ. ಬಿಳಿಯ ಕೋಟು ತೊಟ್ಟ ಮಹನೀಯನೊಬ್ಬ ಗಾಜಿನ ಲೋಟದಲ್ಲಿ ಎರಡು ಬೆಳ್ಳಿಯ ತಂತಿಗಳನ್ನು ಇಳಿಬಿಟ್ಟು, ಬ್ಯಾಟರಿಯಿಂದ ವಿದ್ಯುತ್ತು ಹರಿಸಿ, 'ಕಲಿಲ ಬೆಳ್ಳಿ'ಯೆಂಬ ನೀರನ್ನು ಮಾಡಿ ತೋರಿಸಿದ. ಇದನ್ನು ಹಚ್ಚಿದರೆ ಎಂಥ ಹುಣ್ಣೂ ಮಾಯುತ್ತದೆ, ಕುಡಿದರೆ ಒಳಗಿನ ರೋಗಾಣುಗಳೆಲ್ಲ ಸಾಯುತ್ತವೆ ಎಂದು ಅವನ ಮಾತು. ನನಗೆ ರೋಮಾಂಚನವಾಯಿತು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಪರ್ಷಿಯದ ದೊರೆ ಸೈರಸನು ದಂಡಯಾತ್ರೆಗೆ ಹೊರಟಾಗ ಕಾಯಿಸಿದ ನೀರನ್ನು ಬೆಳ್ಳಿಯ ಪಾತ್ರೆಗಳಲ್ಲಿ ಹೇರಿಸಿಕೊಂಡು ಹೋಗುತ್ತಿದ್ದನೆಂದು ಹೆರೊಡೋಟಸನು ಬರೆದಿರುವುದು ನೆನಪಿಗೆ ಬಂತು. ಇನ್ನೇನು ಬೇಕು! ಶಾಸ್ತ್ರಕ್ಕೆ ಬಿಳಿಯ ಕೋಟು, ಚರಿತ್ರೆಗೆ ಹೆರೊಡೋಟಸ್. ಅವನು ಕಾಯಿಸಿದ ನೀರು ಎಂದು ಬರೆದಿದ್ದಾನೆ ಎಂಬ ಅಂಶ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಬೆಳ್ಳಿ ಎಲ್ಲಿಂದ ತರುವುದು? ಅಜ್ಜಿಯೇ ದಾರಿ ತೋರಿಸಿದಳು. ಅವಳ ಟ್ರಂಕಿನಲ್ಲಿ ಅರಿಸಿನದ ಬಟ್ಟೆಯಲ್ಲಿ ಸುತ್ತಿಟ್ಟ ಎರಡು ಹಳೆಯ ಬೆಳ್ಳಿ ರೂಪಾಯಿಗಳಿದ್ದವು. ಅವಳ ತಾಯಿ ಮದುವೆಯಲ್ಲಿ ಕೊಟ್ಟವು. ವರ್ಷಕ್ಕೊಮ್ಮೆ ದೀಪಾವಳಿಯ ಲಕ್ಷ್ಮೀಪೂಜೆಗೆ ಹೊರಗೆ ಬಂದು ಮತ್ತೆ ಟ್ರಂಕು ಸೇರುತ್ತಿದ್ದವು. ಬರಗಾಲದಲ್ಲಿ ಸಹ ಅವನ್ನು ಮಾರಿರಲಿಲ್ಲ. ನಾನು ನನ್ನ ಯೋಜನೆಯನ್ನು ವಿವರಿಸಿದಾಗ ಅಜ್ಜಿ ಅರ್ಧ ಕೇಳಿಸಿಕೊಂಡು, "ನೀನೇಳಿದ್ಮ್ಯಾಲೆ ಸರಿಯಾಗೇ ಇರ್ತೈತೆ ಬಿಡು ಮಗಾ, ಬೆಳ್ಳಿ ಮೈಗೆ ತಂಪು" ಎಂದು ಗಂಟು ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು.

ಪೇಟೆಯಿಂದ 9 ವೋಲ್ಟಿನ ಮೂರು ಬ್ಯಾಟರಿಗಳನ್ನು ತಂದು ಒಂದಕ್ಕೊಂದು ಜೋಡಿಸಿದೆ, 27 ವೋಲ್ಟು. ಎರಡು ರೂಪಾಯಿಗಳಿಗೂ ತಂತಿ ಸುತ್ತಿ, ಲೋಟದ ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಕಚ್ಚಿಸಿ, ನೀರಿನಲ್ಲಿ ಮುಳುಗಿಸಿದೆ. ಭಟ್ಟಿ ಇಳಿಸಿದ ನೀರೇ ಆಗಬೇಕೆಂದು ವಿಡಿಯೋದವನು ಹೇಳಿದ್ದ. ನಮ್ಮ ಊರಿನಲ್ಲಿ ಐದು ರೂಪಾಯಿಗೆ ಒಂದು ಕ್ಯಾನು ಕೊಡುವ ಶುದ್ಧ ಕುಡಿಯುವ ನೀರಿನ ಘಟಕವಿದೆ. ಹೆಸರಿನಲ್ಲಿಯೇ ಶುದ್ಧವೆಂದಿರುವಾಗ ಅದಕ್ಕಿಂತ ಶುದ್ಧ ಬೇರೆ ಯಾವುದೆಂದು ಅದನ್ನೇ ಬಳಸಿದೆ. ಕಾಲು ಗಂಟೆ ಕಾದರೂ ಹೆಚ್ಚೇನೂ ಕಾಣದಿದ್ದಾಗ ಒಂದು ಚಿಟಿಕೆ ಉಪ್ಪು ಹಾಕಿದೆ. ಉಪ್ಪು ಹಾಕಿದರೆ ವಿದ್ಯುತ್ತು ಚೆನ್ನಾಗಿ ಹರಿಯುತ್ತದೆಂದು ಹತ್ತನೆಯ ತರಗತಿಯಲ್ಲಿ ಕಲಿತದ್ದು ನೆನಪಿತ್ತು. ಅಲ್ಪವಿದ್ಯೆಯ ಲಕ್ಷಣವೇ ಅದು. ಎಲ್ಲಿ ನೆನಪಾಗಬಾರದೋ ಅಲ್ಲಿಯೇ ನೆನಪಾಗುತ್ತದೆ.

ಉಪ್ಪು ಬಿದ್ದದ್ದೇ ತಡ, ಒಂದು ರೂಪಾಯಿಯಿಂದ ಗುಳ್ಳೆಗಳೆದ್ದವು. ಇನ್ನೊಂದರಿಂದ ಬಿಳಿಯ ಹೊಗೆಯಂಥದು ಎಳೆ ಎಳೆಯಾಗಿ ಇಳಿಯತೊಡಗಿತು. ಸ್ವಲ್ಪ ಹೊತ್ತಿನಲ್ಲಿ ನೀರು ಹಾಲಿನಂತಾಯಿತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ಅಪ್ಪ ಬಾಯಿಂದ ಬೀಡಿ ತೆಗೆದು, "ಓದಿದ್ದು ದಂಡ ಆಗ್ಲಿಲ್ಲ" ಎಂದರು. ಅಪ್ಪ ನನ್ನನ್ನು ಹೊಗಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಮಾರನೆಯ ದಿನ ಆ ಹಾಲಿನ ಬಣ್ಣ ಕಂದಿ, ತಳದಲ್ಲಿ ಪಾಚಿಯಂಥ ಹಸಿರು ನಿಂತಿತ್ತು. ಅದು ಔಷಧದ ಶಕ್ತಿಯೇ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಅವ್ವನಿಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಆದರೆ ಮಾಡಿದವನು ಮನೆಯ ಮಗನಲ್ಲವೇ!

ಹನ್ನೊಂದು ದಿನ ಅಜ್ಜಿಯ ಗಾಯವನ್ನು ಆ ನೀರಿನಿಂದ ಎರಡು ಹೊತ್ತು ತೊಳೆದೆ. ಬೆಳಿಗ್ಗೆ ಒಂದು ಚಮಚ ಕುಡಿಸಿದೆ. ಆಸ್ಪತ್ರೆಯ ದಾರಿ ನಿಂತಿತು, ಬಸ್ಸಿನ ದುಡ್ಡು ಉಳಿಯಿತು. ನಡುವೆ ಎರಡು ದಿನ ಅಜ್ಜಿಗೆ ವಾಂತಿಯಾಯಿತು. ಹಲಸಿನ ಹಣ್ಣು ತಿಂದದ್ದರಿಂದ ಎಂದುಕೊಂಡೆವು. ಹನ್ನೆರಡನೆಯ ದಿನ ಜ್ವರ. ಅವ್ವ ಪಟ್ಟಿ ಬಿಚ್ಚಿದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ಕಿರುಬೆರಳು ಕಪ್ಪಾಗಿತ್ತು. ಅಜ್ಜಿಯ ದಿಂಬಿನ ಕೆಳಗೆ ಮಾತ್ರೆಯ ಹಾಳೆಗಳು ಹಾಗೆಯೇ ಇದ್ದವು. ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಅವಳು ನಿಲ್ಲಿಸಿಬಿಟ್ಟಿದ್ದಳು. "ಬೆಳ್ಳಿ ನೀರು ಕುಡೀತಿದ್ನಲ್ಲ, ಅದ್ಯಾಕೆ ಅಂತ" ಎಂದಳು. ಮಾತ್ರೆ ನಿಲ್ಲಿಸೆಂದು ನಾನು ಹೇಳಿರಲಿಲ್ಲ. ನಿಲ್ಲಿಸಬೇಡವೆಂದೂ ಹೇಳಿರಲಿಲ್ಲ. ಈ ಎರಡು ವಾಕ್ಯಗಳ ನಡುವೆ ನಾನು ಎಷ್ಟೋ ರಾತ್ರಿ ಹೊರಳಾಡಿದ್ದೇನೆ.

ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರಮ್ಮನವರು ಗಾಯವನ್ನು ನೋಡಿ, "ಇದಕ್ಕೆ ಏನು ಹಾಕಿದ್ದಿರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅಜ್ಜಿ, "ಏನಿಲ್ಲ ಕಣವ್ವ, ಉಪ್ಪುನೀರಿನಾಗೆ ತೊಳೀತಿದ್ದೆ" ಎಂದಳು. ಜ್ವರದಿಂದ ತುಟಿ ಒಣಗಿದ್ದರೂ ನನ್ನನ್ನು ಉಳಿಸುವುದಕ್ಕೆ ಅವಳಿಗೆ ಮಾತು ಸಿಕ್ಕಿತು. ನಾನು ಸುಮ್ಮನೆ ನಿಂತೆ. ಆ ಸಂಜೆ ಬೆರಳನ್ನು ತೆಗೆದರು.

ರಾತ್ರಿಯೆಲ್ಲ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಬೆಳಿಗ್ಗೆ ಡಾಕ್ಟರಮ್ಮನವರು ಬಂದ ಕೂಡಲೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿಕೊಂಡೇ ಹೇಳಿದೆ. ಅವರು ಬೈಯಲಿಲ್ಲ, ಎಷ್ಟು ದಿನ, ಎಷ್ಟು ಚಮಚ, ಯಾವ ಬೆಳ್ಳಿ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕೊನೆಗೆ ಅವರು ಹೇಳಿದ್ದು ಇಷ್ಟು: ಬೆಳ್ಳಿ ಸೇರಿದ ಮುಲಾಮುಗಳೂ ಪಟ್ಟಿಗಳೂ ಆಸ್ಪತ್ರೆಯಲ್ಲಿಯೇ ಇವೆ, ಸುಟ್ಟ ಗಾಯಗಳಿಗೆ ಬಳಸುತ್ತಾರೆ. ಆದರೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಮೇಲಿನಿಂದ ಮಾತ್ರ ಮಾಯುವಂಥದಲ್ಲ. ರಕ್ತದ ಸಕ್ಕರೆ ಹತೋಟಿಗೆ ಬರಬೇಕು, ಸತ್ತ ಮಾಂಸವನ್ನು ತೆಗೆಯಬೇಕು, ಪಾದದ ಮೇಲೆ ಭಾರ ಬೀಳಬಾರದು, ರಕ್ತ ಅಲ್ಲಿಯವರೆಗೆ ಹರಿಯಬೇಕು. "ನೀನು ಹಾಕಿದ ನೀರಿಗಿಂತ, ನೀವು ತಪ್ಪಿಸಿದ ಹನ್ನೊಂದು ದಿನ ಹೆಚ್ಚು ಕೆಡುಕು ಮಾಡಿತು" ಎಂದರು. ಅಜ್ಜಿಯ ಪಾದ ಉಳಿಯಿತು. ಒಂದು ಬೆರಳು ಹೋಯಿತು.

ಊರಿಗೆ ಬಂದ ಮೇಲೆ ಮಿಕ್ಕಿದ್ದ ಬೆಳ್ಳಿ ನೀರಿನ ಸೀಸೆಯನ್ನು ಹಿಡಿದು ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟರ ಮನೆಗೆ ಹೋದೆ. ನಿವೃತ್ತರಾಗಿ ಬಹಳ ವರ್ಷವಾದರೂ ಅವರು ಪಾಠ ಹೇಳುವುದನ್ನು ಬಿಟ್ಟಿಲ್ಲ. ಸೀಸೆಯನ್ನು ಕತ್ತಲೆಯಲ್ಲಿಟ್ಟು ಟಾರ್ಚು ಬಿಟ್ಟು ತೋರಿಸಿದರು. ಬೆಳಕಿನ ದಾರಿ ನೀರಿನೊಳಗೆ ಕೋಲಿನಂತೆ ಕಂಡಿತು. ನಾನು ಆಸೆಯಿಂದ, "ಹಾಗಾದರೆ ಇದು ಕಲಿಲವೇ ಆಯಿತಲ್ಲವೇ ಸಾರ್?" ಎಂದೆ. "ಹಾಲಿಗೆ ನೀರು ಬೆರೆಸಿದರೂ ಹೀಗೆಯೇ ಕಾಣುತ್ತದೆ. ತೇಲುವ ಕಣವಿದೆ ಎಂದಷ್ಟೇ ಬೆಳಕು ಹೇಳುತ್ತದೆ, ಯಾವ ಕಣವೆಂದು ಹೇಳುವುದಿಲ್ಲ" ಎಂದರು. ಆಮೇಲೆ ತಳದ ಗಸಿಗೆ ಅಮೋನಿಯ ದ್ರಾವಣವನ್ನು ಹನಿಸಿದರು. ಬಿಳಿಯ ಭಾಗ ಕರಗಿತು; ನೀರು ಕಡು ನೀಲಿಯಾಯಿತು. ನನಗೆ ಅದು ಬಹಳ ಚೆಲುವಾಗಿ ಕಂಡಿತು. ಮೇಷ್ಟರ ಮುಖ ಮಾತ್ರ ಗಂಭೀರವಾಯಿತು. "ಕರಗಿದ ಬಿಳುಪು ಬೆಳ್ಳಿಯ ಕ್ಲೋರೈಡು, ನಿನ್ನ ಉಪ್ಪಿನಿಂದ ಹುಟ್ಟಿದ್ದು. ಈ ನೀಲಿ ತಾಮ್ರ. ಎಲ್ಲಿಂದ ಬಂತಯ್ಯಾ ಇಷ್ಟೊಂದು ತಾಮ್ರ? ಯಾವ ಬೆಳ್ಳಿ ಹಾಕಿದ್ದೆ?" ಎಂದು ಕೇಳಿ, ಅಮೋನಿಯ ಬೆರೆತ ಬೆಳ್ಳಿಯ ದ್ರಾವಣವನ್ನು ಇಟ್ಟರೆ ಸಿಡಿಯುವ ಪದಾರ್ಥವಾಗಬಹುದೆಂದು ಕೂಡಲೇ ಬಹಳ ನೀರು ಬೆರೆಸಿ ಚೆಲ್ಲಿಬಿಟ್ಟರು.

ನಾನು ಜೇಬಿನಿಂದ ರೂಪಾಯಿಗಳನ್ನು ತೆಗೆದೆ. ಆರನೆಯ ಜಾರ್ಜ್ ದೊರೆಯ ಮುಖ ಒಂದರಲ್ಲಿ ಸವೆದು ಗುಳಿಬಿದ್ದಿತ್ತು. ಇನ್ನೊಂದು ಮಸಿ ಹಿಡಿದಂತೆ ಕಪ್ಪಾಗಿತ್ತು. ಹಿಂದೆ ತಿರುಗಿಸಿದರೆ 1944 ಎಂಬ ಅಂಕಿ. ಆ ಅಂಕಿಯನ್ನು ಕಂಡಾಗ ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆಯಲಾರೆ. ಏಕೆಂದರೆ ಈ ವಿಷಯವನ್ನು ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ! ಎರಡನೆಯ ಮಹಾಯುದ್ಧ ಬಂದಾಗ 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ನೂರಕ್ಕೆ 91.7 ಭಾಗದಿಂದ 50ಕ್ಕೆ ಇಳಿಸಿದರು. ಉಳಿದದ್ದು ತಾಮ್ರ 40, ನಿಕ್ಕಲ್ 5, ಸತು 5. ಹಳೆಯ ಒಳ್ಳೆಯ ರೂಪಾಯಿಗಳನ್ನು ಜನ ಬಚ್ಚಿಟ್ಟರು, ಹೊಸವು ಪೇಟೆಯಲ್ಲಿ ಓಡಾಡಿದವು. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಬರಿಯ ನಿಕ್ಕಲ್. ಗ್ರೆಷಾಮನ ನಿಯಮಕ್ಕೆ ಉದಾಹರಣೆಯಾಗಿ ಇದನ್ನೆಲ್ಲ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು, ಅಜ್ಜಿಯ ಅಂಗೈಯಿಂದ ಅದೇ ರೂಪಾಯಿಯನ್ನು ತೆಗೆದುಕೊಂಡಾಗ ಇಸವಿಯನ್ನು ನೋಡಲಿಲ್ಲ. ಪರೀಕ್ಷೆಯ ವಿದ್ಯೆ ಪರೀಕ್ಷೆಯ ಕೊಠಡಿಯಲ್ಲಿಯೇ ಉಳಿದಿತ್ತು.

ಕಾಲೇಜು ಪ್ರಾರಂಭವಾದ ಮೇಲೆ ಈ ಬೆಳ್ಳಿಯ ವಿಚಾರವನ್ನು ಬಿಡದೆ ಓದಿದೆ. ಮೊದಲು ಓದಬೇಕಾದದ್ದನ್ನು ಕೊನೆಗೆ ಓದಿದೆ ಎನ್ನಿ. ಬೆಳ್ಳಿಗೆ ಗುಣವೇ ಇಲ್ಲವೆಂದರೆ ಅದೂ ಅಜ್ಞಾನವೇ. ನೀರಿನಲ್ಲಿ ಅತ್ಯಲ್ಪ ಪ್ರಮಾಣದ ಲೋಹವಿದ್ದರೂ ಸೂಕ್ಷ್ಮಜೀವಿಗಳು ಸಾಯುತ್ತವೆಂಬುದನ್ನು ಸ್ವಿಟ್ಸರ್ಲೆಂಡಿನ ಸಸ್ಯವಿಜ್ಞಾನಿ ನೇಗೆಲಿಯು ಕಂಡುಕೊಂಡನು. ಆ ಬರಹ 1893ರಲ್ಲಿ ಹೊರಬಂತು. ಅದಕ್ಕೂ ಮೊದಲು, 1880ರ ಸುಮಾರಿನಲ್ಲಿ, ಲೈಪ್ಸಿಗ್ ನಗರದ ವೈದ್ಯ ಕ್ರೆಡೆಯು ಹುಟ್ಟಿದ ಕೂಸಿನ ಕಣ್ಣಿಗೆ ಬೆಳ್ಳಿಯ ನೈಟ್ರೇಟಿನ ದ್ರಾವಣವನ್ನು ಒಂದು ಹನಿ ಹಾಕುವ ಪದ್ಧತಿಯನ್ನು ತಂದನು. ಅವನ ಆಸ್ಪತ್ರೆಯಲ್ಲಿ ನೂರು ಕೂಸುಗಳಲ್ಲಿ ಹತ್ತಕ್ಕೆ ತಗಲುತ್ತಿದ್ದ ಕಣ್ಣಿನ ಬೇನೆ ಒಂದಕ್ಕಿಂತ ಕೆಳಗಿಳಿಯಿತು. ಎಷ್ಟು ಮಕ್ಕಳ ದೃಷ್ಟಿ ಆ ಹನಿಯಿಂದ ಉಳಿಯಿತೋ! ಆದರೆ ಆ ಹನಿಯ ತೂಕ ಅವನಿಗೆ ಗೊತ್ತಿತ್ತು. ಹಾಕಿದ ಮೇಲೆ ಏನಾಯಿತೆಂದು ಲೆಕ್ಕವಿಟ್ಟಿದ್ದನು. ನನ್ನ ಚಮಚದಲ್ಲಿ ಎಷ್ಟು ಬೆಳ್ಳಿಯಿತ್ತು, ಎಷ್ಟು ತಾಮ್ರವಿತ್ತು, ಬಲ್ಲವರಾರು?

ಕಲಿಲವೆಂಬುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ಕೊಲಾಯ್ಡ್ ಎಂಬ ಹೆಸರನ್ನು 1861ರಲ್ಲಿ ಥಾಮಸ್ ಗ್ರಹಾಂ ಇಟ್ಟನು; ಗ್ರೀಕ್ ಭಾಷೆಯಲ್ಲಿ ಅಂಟು ಎಂದು ಅದರ ಮೂಲಾರ್ಥ. ಕರಗಿಯೂ ಕರಗದ, ಮುಳುಗಿಯೂ ತಳ ಸೇರದ ಕಣಗಳ ಸ್ಥಿತಿ ಅದು. ಹಾಲು, ಮಸಿ, ಹೊಗೆ ಎಲ್ಲವೂ ಕಲಿಲಗಳೇ. ಬೆಳ್ಳಿಯ ನಿಜವಾದ ಕಲಿಲವು ಸಾಮಾನ್ಯವಾಗಿ ಹಳದಿಯಾಗಿರುತ್ತದೆ. ಬ್ಯಾಟರಿಯಿಂದ ಮನೆಯಲ್ಲಿ ಮಾಡಿಕೊಳ್ಳುವ ನೀರಿನಲ್ಲಿ ಬೆಳ್ಳಿಯ ಬಹುಪಾಲು ಕಲಿಲವಾಗಿರದೆ ಕಣ್ಣಿಗೆ ಕಾಣದ ಅಯಾನುಗಳಾಗಿರುತ್ತದೆ. ದೇಹದಲ್ಲಿ ಉಪ್ಪಿಗೂ ಸಸಾರಜನಕಕ್ಕೂ ಕೊರತೆಯಿಲ್ಲವಾದುದರಿಂದ ಆ ಅಯಾನುಗಳು ಹೊಟ್ಟೆ ಸೇರುತ್ತಲೇ ಅವುಗಳಿಗೆ ಸಿಕ್ಕಿಕೊಳ್ಳುತ್ತವೆ. ರೋಗಾಣುವನ್ನು ಹುಡುಕಿಕೊಂಡು ಹೋಗಿ ಕೊಲ್ಲುವ ಬಾಣ ಅದಲ್ಲ. ಸಾಲದ್ದಕ್ಕೆ, ಕೆಲವು ಮಾತ್ರೆಗಳು ಮೈಗೆ ಹತ್ತದಂತೆಯೂ ಬೆಳ್ಳಿ ತಡೆಯುತ್ತದೆ.

ಹಾಗೆ ದಿನವೂ ಕುಡಿಯುತ್ತ ಹೋದವರ ಕಥೆಯೂ ಉಂಟು. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಸ್ಟ್ಯಾನ್ ಜೋನ್ಸ್ ಎಂಬವನು, 2000ನೆಯ ಇಸವಿ ಹುಟ್ಟಿದಾಗ ಗಣಕಯಂತ್ರಗಳೆಲ್ಲ ಕೆಟ್ಟು ಔಷಧಿ ಸಿಗದೆ ಹೋದೀತೆಂದು ಹೆದರಿ, 1999ರಲ್ಲಿ ಮನೆಯಲ್ಲಿಯೇ ಬೆಳ್ಳಿಯ ನೀರು ಮಾಡಿ ಕುಡಿದನು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಲ್ಲುವ ಹೊತ್ತಿಗೆ ಅವನ ಮುಖ ಬೂದಿ ನೀಲಿಯಾಗಿತ್ತು. ಚರ್ಮದಲ್ಲಿ ಸೇರಿಕೊಂಡ ಬೆಳ್ಳಿಯು, ಹಳೆಯ ಕಾಲದ ಫೋಟೋ ಫಿಲ್ಮಿನಲ್ಲಿ ಆಗುವಂತೆ, ಬಿಸಿಲಿಗೆ ಕಪ್ಪಾಗುತ್ತದೆ. ನನ್ನ ಲೋಟದ ಹಾಲು ಮಾರನೆಯ ದಿನ ಕಂದಿದ್ದೂ ಇದೇ ಕಾರಣದಿಂದ. ಆ ಬಣ್ಣ ತಾನಾಗಿ ಹೋಗುವುದಿಲ್ಲ. ಮಾರಾಟದ ಕಲಿಲ ಬೆಳ್ಳಿಯ ಔಷಧಗಳು ಸುರಕ್ಷಿತವೆಂದಾಗಲಿ ಫಲಕಾರಿಯೆಂದಾಗಲಿ ಒಪ್ಪಲಾಗದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಲಾಖೆಯು 1999ರಲ್ಲಿಯೇ ಸಾರಿದೆ. ಜೋನ್ಸನನ್ನು ನೋಡಿ ನಗುವುದು ಸುಲಭ. ನಾನು ನಗಲಾರೆ. ಅವನಿಗೆ ಔಷಧಿ ಸಿಗದೆಂಬ ಹೆದರಿಕೆಯಿತ್ತು, ನಮಗೆ ಬಸ್ಸಿನ ದುಡ್ಡಿನ ಹೆದರಿಕೆ. ಹೆದರಿದವನಿಗೆ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಮದ್ದು ಬಹಳ ಸಿಹಿ.

ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾಳೆ. ತಿಂಗಳಿಗೊಮ್ಮೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಅದಕ್ಕಾಗಿ ಒಂದೊಂದು ದಿನದ ಹಾಜರಿ ತಪ್ಪುವುದನ್ನು ನಮ್ಮ ಅಧ್ಯಾಪಕರು ಕ್ಷಮಿಸಬೇಕು. ಊರಿಗೆ ಹೋದಾಗಲೆಲ್ಲ ಅವಳ ಪಾದವನ್ನು ತಿರುಗಿಸಿ ನೋಡುತ್ತೇನೆ. ಆ ಎರಡು ರೂಪಾಯಿಗಳನ್ನು ಹುಣಿಸೆಹಣ್ಣಿನಿಂದ ಉಜ್ಜಿ ಕೊಟ್ಟಾಗ ಅವಳು ಗುಳಿಬಿದ್ದ ಮುಖವನ್ನು ಬೆರಳಿನಿಂದ ಸವರಿ, "ದೊರೆಗೆ ಸಿಡುಬು ಬಂದಂಗೈತೆ" ಎಂದು ನಕ್ಕು ಗಂಟು ಕಟ್ಟಿಟ್ಟಳು. ಈ ದೀಪಾವಳಿಗೂ ಅವೇ ಪೂಜೆಗೆ ಬಂದವು. ಕಪ್ಪಾದ ರೂಪಾಯಿಯ ಕಪ್ಪು ಪೂರ್ತಿ ಹೋಗಿರಲಿಲ್ಲ.

ಹಬ್ಬದ ಮಾರನೆಯ ದಿನ ಎದುರು ಮನೆಯ ಹಿರಿಯರೊಬ್ಬರು ಮಂಡಿನೋವಿಗೆ ಯಾರೋ ಕೊಟ್ಟ ಪುಡಿಯ ಪೊಟ್ಟಣ ಹಿಡಿದು ಬಂದರು. ಅಜ್ಜಿ ಜಗಲಿಯ ಮೇಲೆ ಕುಳಿತವಳು, ನಡೆದದ್ದೆಲ್ಲ ಮರೆತವಳಂತೆ, "ನಮ್ಮ ಹುಡುಗನ್ನ ಕೇಳಿ, ಓದಿದೋನು" ಎಂದಳು. ಅವರು ಪೊಟ್ಟಣವನ್ನು ನನ್ನ ಮುಂದೆ ಚಾಚಿದರು. ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದೆ; ಹೆಸರಿಲ್ಲ, ಇಸವಿಯಿಲ್ಲ.

"ನನಗೆ ಗೊತ್ತಿಲ್ಲ ದೊಡ್ಡಪ್ಪ. ನಾಳೆ ಅಜ್ಜಿಯನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತೇನೆ, ನೀವೂ ಬನ್ನಿ, ಡಾಕ್ಟರಮ್ಮನವರನ್ನೇ ಕೇಳೋಣ" ಎಂದೆ.

ಅಪ್ಪ ಒಳಗಿನಿಂದ ಒಮ್ಮೆ ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ. ದೊಡ್ಡಪ್ಪನವರು ಮಾರನೆಯ ಬೆಳಿಗ್ಗೆ ನಮಗಿಂತ ಮೊದಲೇ ಬಸ್ಸಿನ ಹತ್ತಿರ ನಿಂತಿದ್ದರು.